ನಿಮ್ಮ ಮನೆಯ ರೌಟರ್ ಬದಲಾಯಿಸುತ್ತಿದ್ದೇವೆ: ಗದಗ-ಬೆಟಗೇರಿಯ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳಿನಿಂದ ನಮ್ಮ ಹುಡುಗರು ಓಣಿ ಓಣಿಗೂ ಬಂದು ನಿಮ್ಮ ಹಳೆಯ ರೌಟರ್, ಅಂದರೆ ಮನೆಯೊಳಗೆ ಇಂಟರ್‌ನೆಟ್ ಹಂಚುವ ಪೆಟ್ಟಿಗೆಯನ್ನು ತೆಗೆದು ಹೊಸದನ್ನು ಕೂರಿಸಲಿದ್ದಾರೆ. ಅದಕ್ಕೆ ಹಣ ಕೊಡಬೇಕಾಗಿಲ್ಲ, ತಿಂಗಳ ಶುಲ್ಕವೂ ಏರುವುದಿಲ್ಲ.

‘ನೆಟ್ ಬರುತ್ತಿಲ್ಲ’ ಎಂಬ ಕರೆಗೆ ಓಡಿ ಬಂದಾಗ ಎಷ್ಟೋ ಸಲ ಕಂಬದಿಂದ ಬಂದ ಫೈಬರ್ ತಂತಿ ಸರಿಯಾಗಿಯೇ ಇರುತ್ತದೆ. ತಂತಿಯ ಕೆಲಸ ರೌಟರ್‌ವರೆಗೆ ಮಾತ್ರ. ಅಲ್ಲಿಂದ ನಿಮ್ಮ ಮೊಬೈಲ್‌ಗೆ ಇಂಟರ್‌ನೆಟ್ ಒಯ್ಯುವುದು ರೇಡಿಯೊ ಅಲೆ. ವೈ-ಫೈ ಎಂದರೆ ಅದೇ. ಕೆಡುವುದು ಹೆಚ್ಚಾಗಿ ಈ ಹತ್ತಿಪ್ಪತ್ತು ಅಡಿಯಲ್ಲಿ.

ಕಳೆದ ತಿಂಗಳು ಬೆಟಗೇರಿಯ ನೇಕಾರರೊಬ್ಬರ ಮನೆಗೆ ಹೋಗಿದ್ದೆವು. ಅವರು ಮಗ್ಗದ ಮುಂದೆ ಕುಳಿತೇ ವಿಡಿಯೊ ಕರೆಯಲ್ಲಿ ಗಿರಾಕಿಗಳಿಗೆ ಸೀರೆ ತೋರಿಸುತ್ತಾರೆ. ಸೆರಗು ಬಿಚ್ಚುವ ಹೊತ್ತಿಗೆ ಚಿತ್ರ ನಿಂತುಬಿಡುತ್ತಿತ್ತು. ರೌಟರ್ ಇದ್ದದ್ದು ಪಡಸಾಲೆಯಲ್ಲಿ, ಕಬ್ಬಿಣದ ತಿಜೋರಿಯ ಹಿಂದೆ. ನಡುವೆ ಎರಡು ಅಡಿ ದಪ್ಪದ ಮಣ್ಣಿನ ಗೋಡೆ. ಲೋಹ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ, ದಪ್ಪ ಗೋಡೆ ನುಂಗುತ್ತದೆ. ಪೆಟ್ಟಿಗೆಯನ್ನು ನಡುಬಾಗಿಲಿನ ಮೇಲಿನ ಹಲಗೆಗೆ ಎತ್ತಿಟ್ಟೆವು, ಅಷ್ಟೇ. ಮೊಬೈಲ್‌ನಲ್ಲಿ ಒಂದು ಸಿಗ್ನಲ್ ಗೆರೆ ಇದ್ದ ಕಡೆ ಮೂರು ಬಂದವು. ಮೊದಲ ದಿನವೇ ಅಲ್ಲಿ ಇಡಬೇಕಿತ್ತು ಎಂದು ನಮಗೆ ಬಹಳ ಬೇಸರವಾಯಿತು. ಇನ್ನು ಮುಂದೆ ತಂತಿ ಸಾಲದಿದ್ದರೆ ಉದ್ದ ತಂತಿ ಎಳೆಯುತ್ತೇವೆ. ಪೆಟ್ಟಿಗೆ ಮನೆಯ ನಡುವೆ, ಎತ್ತರದಲ್ಲಿ, ತೆರೆದ ಜಾಗದಲ್ಲೇ ಕೂರುತ್ತದೆ.

ಹಳೆಯ ರೌಟರ್ 2.4 ಗಿಗಾಹರ್ಟ್ಸ್ ಎಂಬ ರೇಡಿಯೊ ಅಲೆಯ ದಾರಿಯಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಬ್ಲೂಟೂತ್, ಮೈಕ್ರೊವೇವ್ ಒಲೆ, ನೆರೆಮನೆಯ ರೌಟರ್ ಎಲ್ಲಕ್ಕೂ ಅದೇ ದಾರಿ. ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು, ಅಂದರೆ ಆ ದಾರಿಯೊಳಗಿನ ಸಾಲುಗಳು, 1, 6 ಮತ್ತು 11, ಮೂರೇ. ಗೋಡೆಗೆ ಗೋಡೆ ಹೊಂದಿಕೊಂಡ ನಮ್ಮ ಓಣಿಗಳಲ್ಲಿ ಸಂಜೆ ಏಳರ ಮೇಲೆ ನೂಕುನುಗ್ಗಲಾಗುವುದು ಸಹಜ. ಹೊಸ ರೌಟರ್‌ನಲ್ಲಿ 5 ಗಿಗಾಹರ್ಟ್ಸ್ ಕೂಡ ಇದೆ: ವೇಗ ಹೆಚ್ಚು, ಗದ್ದಲ ಕಡಿಮೆ, ಆದರೆ ಗೋಡೆ ದಾಟುವಾಗ ಬೇಗ ಸೋಲುತ್ತದೆ. ಆದ್ದರಿಂದ ನಿಮ್ಮ ಮೊಬೈಲ್‌ನಲ್ಲಿ ಎರಡು ವೈ-ಫೈ ಹೆಸರು ಕಾಣುತ್ತವೆ. ಟಿವಿ ಮತ್ತು ಮಕ್ಕಳ ಆನ್‌ಲೈನ್ ಪಾಠಕ್ಕೆ ರೌಟರ್ ಇರುವ ಕೋಣೆಯಲ್ಲೇ ಇದ್ದರೆ ‘5’ ಎಂದಿರುವುದನ್ನು ಆರಿಸಿಕೊಳ್ಳಿ. ಅಟ್ಟಕ್ಕೆ, ಹಿತ್ತಿಲಿಗೆ ಇನ್ನೊಂದು. ಹಳೆಯ ಮೊಬೈಲ್‌ಗಳಿಗೆ 5 ಕಾಣದಿರಬಹುದು, ಅದು ದೋಷವಲ್ಲ.

ಪಾಸ್‌ವರ್ಡ್ ವಿಷಯದಲ್ಲಿ ನಮ್ಮಿಂದ ತಪ್ಪಾಗಿದೆ. ನೆನಪಿಗೆ ಸುಲಭವೆಂದು ನಿಮ್ಮ ಮೊಬೈಲ್ ಸಂಖ್ಯೆಯನ್ನೇ ಹಾಕಿಕೊಟ್ಟಿದ್ದೆವು. ಅದು ಓಣಿಗೆಲ್ಲ ಗೊತ್ತು. ನಿಮ್ಮ ವೈ-ಫೈ ಹಿಡಿದು ಬೇರೊಬ್ಬರು ಏನಾದರೂ ಮಾಡಿದರೆ ವಿಚಾರಣೆ ಮೊದಲು ಬರುವುದು ನಿಮ್ಮ ಬಾಗಿಲಿಗೆ, ಏಕೆಂದರೆ ಸಂಪರ್ಕ ಇರುವುದು ನಿಮ್ಮ ಹೆಸರಿನಲ್ಲಿ. ಹೊಸ ಪಾಸ್‌ವರ್ಡನ್ನು ನೀವೇ ಟೈಪ್ ಮಾಡಿ. ನಮ್ಮ ಹುಡುಗ ಆಗ ಬೇರೆ ಕಡೆ ತಿರುಗಿ ನಿಲ್ಲುತ್ತಾನೆ. ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿದರೂ ಸಾಕು, ಆದರೆ ಮನೆಯವರ ಹೆಸರು ಬೇಡ.

ಬರುವ ಹಿಂದಿನ ದಿನ ಕರೆ ಮಾಡುತ್ತೇವೆ. ಮನೆಯ ಮೊಬೈಲ್, ಟಿವಿ, ಕ್ಯಾಮೆರಾ ಎಲ್ಲವನ್ನೂ ಹೊಸ ಹೆಸರಿಗೆ ಜೋಡಿಸಿ, ನೀವು ಹೆಚ್ಚು ಕೂರುವ ಜಾಗದಲ್ಲಿ ನಿಂತು ವೇಗ ತೋರಿಸಿದ ಮೇಲೆಯೇ ಸಹಿ ಕೇಳುತ್ತೇವೆ.

ನಿಮ್ಮ ವಿಶ್ವಾಸಿಗಳು,
ನಿಮ್ಮ ಓಣಿಯ ಇಂಟರ್‌ನೆಟ್ ಸೇವೆಯವರು