ಒಂದು ರಾತ್ರಿ ಕುದುರೆ ಕಟ್ಟಲು ಜಾಗ ಕೊಡಿ: ಅರಣ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ,

ಬೆಳಗಾವಿ ಜಿಲ್ಲೆಯ ಕುರಿಗಾರರ ಮನೆಯವನೊಬ್ಬನ ನಮಸ್ಕಾರಗಳು.

ನಾವು ಕಾಡು ಕೇಳುತ್ತಿಲ್ಲ ಸರ್. ಕಾಡಿನ ಅಂಚಿನಲ್ಲಿ, ನಿಮ್ಮ ಇಲಾಖೆಯೇ ಗುರುತು ಹಾಕಿದ ಜಾಗದಲ್ಲಿ, ಒಂದು ರಾತ್ರಿ ಇಳಿದು ಕುದುರೆ ಕಟ್ಟಿ, ಬೆಳಗಾಗುತ್ತಲೇ ಎದ್ದು ಹೋಗುವುದಕ್ಕೆ ಒಂದು ಚೀಟಿ ಕೇಳುತ್ತಿದ್ದೇವೆ. ನಮ್ಮಪ್ಪ ಇದನ್ನೇ ಬಾಯಿಮಾತಿನಲ್ಲಿ ಕೇಳುತ್ತ ಬಂದ. ನಾನು ನಾಲ್ಕಕ್ಷರ ಕಲಿತವನು, ಅರ್ಜಿ ಬರೆದು ಕೇಳಿದೆ. ಅರ್ಜಿ ಇಸಿದುಕೊಂಡವರು 'ಮೇಲೆ ಕಳಿಸ್ತೀವಿ' ಎಂದರು. ಆ ಮೇಲೆ ಇರುವವರು ತಾವೇ ಇರಬೇಕೆಂದು ಅಂದಾಜು ಮಾಡಿ ಇದನ್ನು ಬರೆಯುತ್ತಿದ್ದೇನೆ.

ದೀಪಾವಳಿ ದಾಟಿ ಭತ್ತದ ಕೊಯ್ಲು ಮುಗಿಯುತ್ತ ಬಂದಂತೆ ನಮ್ಮ ಹಿಂಡು ಕಲಘಟಗಿ, ಹಳಿಯಾಳ, ಮುಂಡಗೋಡದ ಕಡೆ ಹೊರಡುತ್ತದೆ. ಗದ್ದೆಯವರೇ ಫೋನ್ ಮಾಡಿ ಕರೆಯುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ಕೂಡಿಸಿದರೆ ಬೀಳುವ ಹಿಕ್ಕೆಗೆ ಕಾಳನ್ನೋ ರೊಕ್ಕವನ್ನೋ ಕೊಡುತ್ತಾರೆ. ಹೊಲದಲ್ಲಿರುವಷ್ಟು ದಿನ ನಾವು ಬೇಕಾದವರು. ಒಂದು ಊರಿನ ಹೊಲ ಮುಗಿಸಿ ಇನ್ನೊಂದು ಊರಿಗೆ ಹೊರಟೆವೋ, ಅಲ್ಲಿಂದ ಕಳ್ಳರು. ನಡುವೆ ತೇಗದ ನೆಡುತೋಪು, ಮೀಸಲು ಅರಣ್ಯ, ನಿಮ್ಮವರು ತೋಡಿಸಿದ ಕಂದಕ. ಮೊದಲೆಲ್ಲ ಇಳಿಯುತ್ತಿದ್ದ ಗೋಮಾಳಗಳಲ್ಲಿ ಈಗ ಸೈಟುಗಳ ಕಲ್ಲು ನೆಟ್ಟಿದ್ದಾರೆ. ಮರಿ ಹಾಕಿದ ಕುರಿಗಳಿರುವ ಹಿಂಡನ್ನು ಕತ್ತಲಲ್ಲಿ ಅಟ್ಟಿಕೊಂಡು ಹೋಗಲು ಆಗುವುದಿಲ್ಲ. ಎಲ್ಲೋ ಒಂದು ಕಡೆ ಇಳಿಯಲೇಬೇಕು.

ಇಳಿಯುವುದು ಎಂದರೆ ಕುದುರೆ ಇಳಿಸುವುದು. ನಮ್ಮ ಮನೆ ಇರುವುದೇ ಕುದುರೆಯ ಬೆನ್ನಿನ ಮೇಲೆ. ತಾಡಪತ್ರಿ, ಗೂಟ, ಬಲೆ, ರೊಟ್ಟಿ ಹಂಚು, ಜೋಳದ ಹಿಟ್ಟು, ಕಂಬಳಿ, ಆ ದಿನ ಹುಟ್ಟಿ ನಡೆಯಲಾರದ ಮರಿಗಳು, ಎಲ್ಲವೂ ಎರಡೂ ಕಡೆ ತೂಗುವ ಹಸುಬೆಯಲ್ಲಿ. ಗಂಡಸರು ಕುರಿಯ ಹಿಂದೆ ಇರುತ್ತಾರೆ. ಕುದುರೆ ಹೇರುವುದು, ನಡೆಸುವುದು, ಇಳಿಸುವುದು ಹೆಂಗಸರು. ಹೇರು ಇಳಿಸಿ ಮುಂಗಾಲಿಗೆ ಹಗ್ಗ ಹಾಕಿದ ಮೇಲೆಯೇ ನಮ್ಮಲ್ಲಿ ಒಲೆ ಹೊತ್ತುವುದು.

ಕಳೆದ ಚಳಿಗಾಲದಲ್ಲಿ ಒಂದು ಸಂಜೆ ಮೋಡ ಕವಿದಿತ್ತು. ತೇಗದ ತೋಪಿನ ಅಂಚಿಗೆ, ಕಂದಕದಿಂದ ಈಚೆಗೆ (ಈಚೆಗೆ ಎಂಬುದನ್ನು ದಯವಿಟ್ಟು ಗಮನಿಸಿ) ಹಿಂಡು ನಿಲ್ಲಿಸಿದ್ದೆವು. ಅವ್ವ ಇನ್ನೂ ಹಸುಬೆಯ ಗಂಟಿಗೆ ಕೈ ಹಚ್ಚಿದ್ದಳು, ಗಾರ್ಡ್ ಬೈಕಿನಲ್ಲಿ ಬಂದರು. ಜೊತೆಗೆ ಇನ್ನಿಬ್ಬರು.

'ಪರ್ಮಿಶನ್ ಎಲ್ಲೈತಿ?'

'ಯಾರ ಕಡೆ ತಗೋಬೇಕ್ರಿ?' ಅಂದ ಅಪ್ಪ.

'ಯಾರೂ ಕೊಡೂದಿಲ್ಲ. ಮಿನಿಸ್ಟರ್ ಆರ್ಡರ್ ಐತಿ.'

ಯಾರೂ ಕೊಡದ ಚೀಟಿಯನ್ನು ತೋರಿಸಲಾಗದ ತಪ್ಪಿಗೆ ಹೆಣ್ಣುಗುದುರೆಯ ಹಗ್ಗ ಹಿಡಿದು ಎಳೆದುಕೊಂಡು ಹೊರಟರು. 'ಇದನ್ನ ಒಯ್ದರ ನೀವಾಗೇ ಬರ್ತೀರಿ' ಎಂದು ನಕ್ಕರು. ಹಸುಬೆಯಲ್ಲಿ ಮರಿಗಳಿವೆ, ಅವುಗಳನ್ನಾದರೂ ತೆಗೆದುಕೊಡಿ ಎಂದು ಅವ್ವ ಕೈಮುಗಿದಳು. ತೆಗೆದುಕೊಡಲಿಲ್ಲ. ತಾಯಿಕುರಿಗಳು ಅರಚುತ್ತ ಕುದುರೆಯ ಹಿಂದೆ ಓಡಿದವು, ಅವುಗಳನ್ನು ತಿರುಗಿಸಲು ನಾವು ಓಡಿದೆವು, ಅವ್ವ ಒಬ್ಬಳೇ ಕತ್ತಲಲ್ಲಿ ವಲಯ ಕಚೇರಿಯವರೆಗೆ ನಡೆದಳು. ಅವಳನ್ನು ಗೇಟಿನ ಹೊರಗೇ ಕೂರಿಸಿದರು. ರಾತ್ರಿ ಮಳೆ ಹೊಡೆಯಿತು. ತಾಡಪತ್ರಿ ಕುದುರೆಯ ಮೇಲಿತ್ತು, ಕುದುರೆ ಸರ್ಕಾರದ ಹತ್ತಿರ ಇತ್ತು.

ಬೆಳಿಗ್ಗೆ ನಾನು ಹೋಗಿ ನೋಡಿದರೆ ಕುದುರೆಯನ್ನು ಜೀಪಿಗೆ ಕಟ್ಟಿದ್ದರು. ಹೇರು ಇಳಿಸಿರಲಿಲ್ಲ. ಇಡೀ ರಾತ್ರಿ ಹೊತ್ತು ನಿಂತು ಬೆನ್ನು ಸುಲಿದಿತ್ತು. ಹಸುಬೆಯಲ್ಲಿ ಒಂದು ಮರಿ ಸತ್ತಿತ್ತು. ಅದನ್ನು ಸಾಹೇಬರ ಮುಂದೆ ಹಿಡಿದಾಗ ಅವರು ಹೇಳಿದ ಮಾತು ಇದು: 'ನಾವು ಸೀಜ್ ಮಾಡಿದ್ದು ಕುದುರೆ ಅಷ್ಟೇ. ಮರಿ ನಮ್ಮ ಲೆಕ್ಕದಾಗಿಲ್ಲ.' ದಂಡ ಕಟ್ಟಿ ರಸೀದಿ ಕೇಳಿದೆ. 'ರಸೀದಿ ಬೇಕಂದ್ರ ಕೇಸ್ ಹಾಕಬೇಕಾಗ್ತದ, ನೋಡು' ಎಂದರು. ನೋಡಿದೆ. ಕುದುರೆ ಬಿಡಿಸಿಕೊಂಡು ಬಂದೆ.

ಆ ಕಚೇರಿಯ ಗೋಡೆಯ ಮೇಲೆ ಒಂದು ಚಿತ್ರ ಅಂಟಿಸಿದ್ದರು. ಮರಗಳ ನಡುವೆ ಡೇರೆ, ಮುಂದೆ ಬೆಂಕಿ, ಸುತ್ತ ಕುಳಿತು ನಗುತ್ತಿರುವ ಜನ. ಕಾಡಿಗೆ ಬನ್ನಿ ಎಂದು ಕರೆಯುವ ಚಿತ್ರ. ಸರ್ಕಾರದ್ದೇ ಜಂಗಲ್ ಲಾಡ್ಜಸ್ ಕಂಪನಿ ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿಯಲ್ಲಿ, ಹುಲಿ ಇರುವ ಕಾಡಿನ ನಡುವೆಯೇ, ಜನರನ್ನು ಡೇರೆಯಲ್ಲಿ ಮಲಗಿಸುತ್ತದೆ. ಸಂತೋಷ, ಮಲಗಲಿ. ಒಂದು ರಾತ್ರಿಗೆ ಸಾವಿರಾರು ರೂಪಾಯಿ ಕೊಟ್ಟವರ ಡೇರೆಯಿಂದ ಕಾಡಿಗೆ ಆಗದ ಕೇಡು ನಮ್ಮ ತೇಪೆ ಹಾಕಿದ ತಾಡಪತ್ರಿಯಿಂದ ಹೇಗೆ ಆಗುತ್ತದೆ ಎಂದು ಯಾರಾದರೂ ತಿಳಿದವರು ಹೇಳಬೇಕು.

ಮಲೆ ಮಹದೇಶ್ವರ ಬೆಟ್ಟದಲ್ಲಿ 2025ರ ಜೂನ್‌ನಲ್ಲಿ ತಾಯಿ ಹುಲಿಯೂ ನಾಲ್ಕು ಮರಿಗಳೂ ವಿಷಕ್ಕೆ ಸತ್ತದ್ದು ನಮಗೂ ಗೊತ್ತು, ಹೊಟ್ಟೆ ಉರಿದಿದೆ. ಮರು ತಿಂಗಳೇ ಕಾಡಿನಲ್ಲಿ ಮೇಯಿಸುವುದನ್ನು ನಿಲ್ಲಿಸಿ ಎಂಬ ಸೂಚನೆ ಹೊರಟಿತು. ಹುಲಿ ಸತ್ತದ್ದು ರಾಜ್ಯದ ಆ ತುದಿಯಲ್ಲಿ, ಕುದುರೆ ಜೀಪಿಗೆ ಕಟ್ಟಿಸಿಕೊಂಡದ್ದು ಈ ತುದಿಯಲ್ಲಿ. ಬಂಡೀಪುರದೊಳಗೆ ಬಿಡಿ, ನಾಗರಹೊಳೆಯೊಳಗೆ ಬಿಡಿ ಎಂದು ನಾವು ಯಾವಾಗ ಕೇಳಿದೆವು?

ಕಾನೂನು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. 2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಡಿ) ಉಪವಿಧಿಯಲ್ಲಿ ಅಲೆಮಾರಿ ಪಶುಪಾಲಕರ ಹೆಸರಿದೆ. ವಲಸೆ ಕುರಿಗಾರರ ಮೇಲಿನ ದೌರ್ಜನ್ಯ ತಡೆಯುವ ಮಸೂದೆಯನ್ನು 2025ರಲ್ಲಿ ತಂದವರೂ ನಿಮ್ಮ ಸರ್ಕಾರದವರೇ. ಇನ್ನು 1871ರ ಜಾನುವಾರು ಅತಿಕ್ರಮಣ ಕಾಯ್ದೆಯಲ್ಲಿ ಬ್ರಿಟಿಷರು ಆನೆ, ಒಂಟೆ, ಕುದುರೆ, ಮರಿಗುದುರೆ, ಹೇಸರಗತ್ತೆ ಎಲ್ಲವನ್ನೂ ಒಂದೊಂದಾಗಿ ಬರೆದಿಟ್ಟಿದ್ದಾರೆ. ಹಿಡಿದ ಜಾನುವಾರು ಕೂಡುವ ಕೊಂಡವಾಡಕ್ಕೆ ಹಾಕುವಾಗ ಕುದುರೆ ಲೆಕ್ಕಕ್ಕಿದೆ. ಜಾನುವಾರು ಸತ್ತರೆ ಪರಿಹಾರ ಕೊಡುವ ಅನುಗ್ರಹ ಯೋಜನೆಯಲ್ಲಿ ಕುರಿ, ಮೇಕೆ, ಹಸು, ಎಮ್ಮೆ, ಎತ್ತು ಇವೆ; ಕುದುರೆ ಇಲ್ಲ. (ಅದು ನಿಮ್ಮ ಇಲಾಖೆಯಲ್ಲ, ಬಲ್ಲೆ. ಆದರೂ ಸಂಪುಟದಲ್ಲಿ ಪಕ್ಕದ ಕುರ್ಚಿಯವರಿಗೆ ಒಂದು ಮಾತು ಹೇಳಬಹುದು.)

ಸಮಾವೇಶದ ವೇದಿಕೆಯ ಮೇಲೆ ಕಂಬಳಿ ಹೊದ್ದು, ಕುರಿಮರಿ ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳುವ ನಾಯಕರು ಎಲ್ಲ ಪಕ್ಷದಲ್ಲೂ ಇದ್ದಾರೆ. ಮರಿ ಭಾರ ಇರುವುದಿಲ್ಲ ಸರ್, ಫೋಟೊ ಮುಗಿಯುವವರೆಗೆ ಯಾರು ಬೇಕಾದರೂ ಎತ್ತಬಹುದು.

ನಮಗೆ ಜಾಗ ಗುರುತಿಸಿಕೊಡಿ. ಹಿಂಡು ಹೋಗುವ ದಾರಿ ನಿಮ್ಮ ಗಾರ್ಡುಗಳಿಗೆ ನಮ್ಮಷ್ಟೇ ಗೊತ್ತು. ಆ ದಾರಿಯಲ್ಲಿ ಒಂದು ದಿನದ ನಡಿಗೆಗೆ ಒಂದರಂತೆ, ಕಾಡಿನ ಅಂಚಿನಲ್ಲಿ ಕುದುರೆ ಕಟ್ಟುವಷ್ಟು ಬಯಲು, ಒಂದು ನೀರಿನ ತೊಟ್ಟಿ. ಶುಲ್ಕ ಹಾಕುವುದಾದರೆ ಹಾಕಿ, ಆದರೆ ರಸೀದಿ ಕೊಡಿ. ಒಲೆ ಇಲ್ಲೇ ಹೂಡಬೇಕು ಎಂದರೆ ಅಲ್ಲೇ ಹೂಡುತ್ತೇವೆ. ಲದ್ದಿ ಗುಡಿಸಿ ಹೋಗಿ ಎಂದರೆ ಗುಡಿಸುತ್ತೇವೆ, ಅದಕ್ಕೂ ಗದ್ದೆಯವರು ಗಿರಾಕಿಗಳಿದ್ದಾರೆ. ಹಿಂಡಿಗೆ ಪಿಪಿಆರ್ (ಕುರಿ, ಮೇಕೆಗೆ ಬರುವ ಅಂಟುರೋಗ) ಲಸಿಕೆ ಹಾಕಿಸಿದ ಚೀಟಿ ತೋರಿಸಿ ಎಂದರೆ ತೋರಿಸುತ್ತೇವೆ. ಜಾಗ ಮಾತ್ರ ಗುರುತಿಸಿಕೊಡಿ. ಸಮಿತಿ ಬೇಡ, ಸಮೀಕ್ಷೆ ಬೇಡ, ಇನ್ನೊಂದು ಸಲ ಮೇಲೆ ಕಳಿಸುವುದಂತೂ ಬೇಡವೇ ಬೇಡ.

ಈ ಸಲವೂ ದೀಪಾವಳಿ ಮುಗಿಸಿಕೊಂಡು ಹೊರಡುತ್ತೇವೆ. ಗದ್ದೆಯವರ ಫೋನು ಈಗಲೇ ಬರುತ್ತಿದೆ. ಅಷ್ಟರೊಳಗೆ ವಲಯ ಕಚೇರಿಗಳಿಗೆ ಒಂದು ಲಿಖಿತ ಆದೇಶ ಹೋಗಲಿ, ಅದರ ಪ್ರತಿ ನಮ್ಮ ಕೈಯಲ್ಲೂ ಇರಲಿ. ಬಾಯಿಮಾತಿನಲ್ಲಿ 'ಹೇಳಿದ್ದೇನೆ, ಹೋಗಿ' ಎಂದರೆ ಕತ್ತಲಲ್ಲಿ ಬೈಕಿನಲ್ಲಿ ಬಂದವರಿಗೆ ನಾವು ಏನು ತೋರಿಸುವುದು?

ಇಂತಿ,
ಬೆಳಗಾವಿ ಜಿಲ್ಲೆಯ ಒಬ್ಬ ಕುರಿಗಾರನ ಮಗ