ಸರಿಯಾಗಿ ತಿಳಿಸದೆ ಡಿಸ್ಚಾರ್ಜ್ ಮಾಡಿದ ಬಗ್ಗೆ ದೂರು

ಇವರಿಗೆ,
ಆಡಳಿತಾಧಿಕಾರಿಗಳು,
ರೋಗಿಗಳ ದೂರು ವಿಭಾಗ

ವಿಷಯ: ಸೊಂಟದ ಕೀಲು ಬದಲಾವಣೆ ಆಪರೇಷನ್ ಆದ ನನ್ನ ತಾಯಿಯನ್ನು ಮನೆ ಆರೈಕೆ ಹೇಳಿಕೊಡದೆ ಕಳಿಸಿದ್ದು

ಮಾನ್ಯರೇ,

ಆಪರೇಷನ್ ಬಗ್ಗೆ ನಮ್ಮ ತಕರಾರಿಲ್ಲ. ಡಾಕ್ಟರು ಚೆನ್ನಾಗಿ ಮಾಡಿದ್ದಾರೆ. ವಾರ್ಡಿನಲ್ಲೂ ಅಮ್ಮನನ್ನು ಚೆನ್ನಾಗಿಯೇ ನೋಡಿಕೊಂಡರು. ದೂರು ಇರುವುದು ಕೊನೆಯ ದಿನದ ಬಗ್ಗೆ. ಬೆಳಿಗ್ಗೆ ರೌಂಡ್ಸ್‌ಗೆ ಬಂದವರು "ಇವತ್ತು ಮನೆಗೆ ಹೋಗಬಹುದು" ಅಂದರು. ಆಮೇಲೆ ನಮ್ಮ ಜೊತೆ ಮಾತಾಡಿದವರೆಲ್ಲ ಬಿಲ್ಲಿನ ವಿಷಯವನ್ನೇ ಮಾತಾಡಿದರು. ಬಿಲ್ ಕ್ಲಿಯರ್ ಆದ ಮೇಲೆ ಒಂದು ಫೈಲು, ಒಂದು ಔಷಧಿ ಚೀಲ ಕೈಗೆ ಬಂತು. "ಎಲ್ಲಾ ಇದರಲ್ಲಿ ಬರೆದಿದೆ" ಎಂದರು.

ಎಲ್ಲಾ ಬರೆದಿರಲಿಲ್ಲ.

ಚೀಲದಲ್ಲಿ ಎನಾಕ್ಸಪ್ಯಾರಿನ್ ತುಂಬಿದ ಸಿರಿಂಜುಗಳಿದ್ದವು. ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್, ದಿನಕ್ಕೊಂದು. ಯಾರು ಚುಚ್ಚಬೇಕು? ಹೇಗೆ? ವಾರ್ಡಿನಲ್ಲಿ ಇದನ್ನು ಕೊಡುವಾಗಲೆಲ್ಲ ಪರದೆ ಎಳೆದು ನಮ್ಮನ್ನು ಆಚೆ ನಿಲ್ಲಿಸುತ್ತಿದ್ದರು. ಮನೆಗೆ ಬಂದ ರಾತ್ರಿ ಅದೇ ಸಿರಿಂಜು ಹಿಡಿದು ನಾನು, ತಮ್ಮ ಮುಖ ಮುಖ ನೋಡಿಕೊಂಡೆವು. ಕೊನೆಗೆ ಪರಿಚಯದ ನರ್ಸ್ ಒಬ್ಬರು ಫೋನಿನಲ್ಲಿ ಹೇಳಿಕೊಟ್ಟರು. ಹೊಕ್ಕುಳದ ಹತ್ತಿರ ಬೇಡ, ಪಕ್ಕದಲ್ಲಿ ಚರ್ಮವನ್ನು ಮಡಿಕೆ ಮಾಡಿ ಹಿಡಿಯಿರಿ. ಸೂಜಿ ನೇರವಾಗಿ ಪೂರ್ತಿ ಹೋಗಲಿ. ಅದು ಆಚೆ ಬರುವ ತನಕ ಮಡಿಕೆ ಬಿಡಬೇಡಿ, ಆಮೇಲೆ ಉಜ್ಜಬೇಡಿ. ಒಂದು ದಿನ ಎಡಕ್ಕೆ, ಮರುದಿನ ಬಲಕ್ಕೆ. ಸಿರಿಂಜಿನೊಳಗಿನ ಸಣ್ಣ ಗಾಳಿಗುಳ್ಳೆಯನ್ನು ಹೊರಗೆ ತೆಗೆಯಲೂ ಬಾರದಂತೆ. ಇದನ್ನೆಲ್ಲ ಸುಮ್ನೆ ಊಹಿಸಿಕೊಳ್ಳಲು ಆಗುತ್ತದೆಯೇ? ವಾರ್ಡಿನಲ್ಲೇ ತೋರಿಸಿದ್ದರೆ ಐದು ನಿಮಿಷದ ಕೆಲಸ.

ಇನ್ನು ಮಾತ್ರೆಗಳು. ಅಮ್ಮನಿಗೆ ಮೊದಲಿಂದಲೂ ಬಿಪಿ ಇದೆ, ಆಮ್ಲೋಡಿಪಿನ್ ತೆಗೆದುಕೊಳ್ಳುತ್ತಾರೆ. ಅಡ್ಮಿಟ್ ಮಾಡುವಾಗಲೇ ಹಳೆಯ ಚೀಟಿ ಕೊಟ್ಟಿದ್ದೆವು. ಡಿಸ್ಚಾರ್ಜ್ ಚೀಟಿಯಲ್ಲಿ ಅದೇ ಔಷಧಿ ಬೇರೆ ಕಂಪನಿಯ ಹೆಸರಲ್ಲಿ ಬಂದಿದೆ. ಹಳೆಯದನ್ನು ನಿಲ್ಲಿಸಿ ಎಂದು ಎಲ್ಲೂ ಇಲ್ಲ. ಸಂಶಯ ಬಂದು ಎರಡೂ ಸ್ಟ್ರಿಪ್ ಮೆಡಿಕಲ್ ಶಾಪಿಗೆ ಒಯ್ದೆ. ಅಲ್ಲಿದ್ದವರು ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ತೋರಿಸಿ "ಎರಡೂ ಒಂದೇ ಮೇಡಂ" ಅಂದರು. ಎರಡನ್ನೂ ನುಂಗಿ, ಬಿಪಿ ಇಳಿದು, ವಾಕರ್ ಹಿಡಿದು ನಿಂತವರು ತಲೆಸುತ್ತಿ ಬಿದ್ದಿದ್ದರೆ ಹೊಸ ಕೀಲಿನ ಗತಿ ಏನು?

ನೋವಿನ ಮಾತ್ರೆಯದೂ ಇದೇ ಕಥೆ. ಟ್ರಮಡಾಲ್ ಜೊತೆ ಪ್ಯಾರಸಿಟಮಾಲ್ ಸೇರಿರುವ ಮಾತ್ರೆ 'ಟಿಡಿಎಸ್', ಅದರ ಕೆಳಗೆ ಪ್ಯಾರಸಿಟಮಾಲ್ 650 'ಎಸ್‌ಒಎಸ್'. ಅಂದರೆ ಮೊದಲನೆಯದು ದಿನಕ್ಕೆ ಮೂರು ಸಲ, ಎರಡನೆಯದು ಬೇಕಾದಾಗ ಮಾತ್ರ. ಈ ಅಕ್ಷರಗಳನ್ನು ಮನೆಯವರು ಹೇಗೆ ಓದಬೇಕು? ಪ್ಯಾರಸಿಟಮಾಲ್ ದೊಡ್ಡವರಿಗೂ ದಿನಕ್ಕೆ ಒಟ್ಟು 4 ಗ್ರಾಂ ದಾಟಬಾರದು, ತೂಕ ಕಡಿಮೆ ಇರುವ ವಯಸ್ಸಾದವರಿಗೆ ಮಿತಿ ಇನ್ನೂ ಕಡಿಮೆ. ಎಷ್ಟು ಗಂಟೆ ಬಿಟ್ಟು ಕೊಡಬೇಕು ಎಂದೂ ಬರೆದಿಲ್ಲ. ಟ್ರಮಡಾಲ್‌ನಿಂದ ಮಲಬದ್ಧತೆ ಆಗುತ್ತದೆ ಎಂದು ಯಾರೂ ಹೇಳಲಿಲ್ಲ. ಅದನ್ನು ಪಾಪ ಅಮ್ಮನೇ ಕಂಡುಕೊಂಡರು.

"ಸೊಂಟವನ್ನು 90 ಡಿಗ್ರಿಗಿಂತ ಜಾಸ್ತಿ ಬಗ್ಗಿಸಬೇಡಿ" ಎಂಬ ಸಾಲು ಫೈಲಿನಲ್ಲಿದೆ, ನಿಜ. ಆದರೆ ತಗ್ಗಾದ ಕಮೋಡ್ ಮೇಲೆ ಕೂತ ಕೂಡಲೇ ಆ ನಿಯಮ ಮುರಿಯುತ್ತದೆ. ಎತ್ತರದ ಸೀಟು ಬೇಕು ಎಂದಿದ್ದರೆ ಮೊದಲೇ ತಂದಿಡುತ್ತಿದ್ದೆವು. ಇದೇನು ಎಮರ್ಜೆನ್ಸಿ ಕೇಸ್ ಅಲ್ಲ, ಆಪರೇಷನ್ ತಾರೀಖು ಮೊದಲೇ ನಿಗದಿಯಾಗಿತ್ತು. ಮನೆಯಲ್ಲಿ ಮೆಟ್ಟಿಲು ಇದೆಯಾ, ಜೊತೆಗೆ ಯಾರಿರುತ್ತಾರೆ ಎಂದು ಅಡ್ಮಿಟ್ ಆದ ದಿನವೇ ಕೇಳಬಹುದಿತ್ತು, ಅಲ್ವಾ? ಫಿಜಿಯೋದವರು ಕಾರಿಡಾರಿನಲ್ಲಿ ನಡೆಸಿದರು, ಮೆಟ್ಟಿಲು ಹತ್ತಿಸಲಿಲ್ಲ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು ಎಂದು ನಮಗೆ ಆಮೇಲೆ ಬೇರೆಯವರಿಂದ ತಿಳಿಯಿತು.

ನಿಜವಾಗಿ ಸಿಟ್ಟು ಬಂದಿದ್ದು ಫೋನ್ ಮಾಡಿದಾಗ. ಅಮ್ಮನ ಮೀನಖಂಡ ಊದಿಕೊಂಡು ನೋಯುತ್ತಿತ್ತು. ಫೈಲಿನ ಮೇಲಿದ್ದ ನಂಬರಿಗೆ ಮಾಡಿದರೆ ರಿಸೆಪ್ಷನ್‌ನವರು "ಓಪಿಡಿಗೆ ಮುಂದಿನ ವಾರ ಅಪಾಯಿಂಟ್‌ಮೆಂಟ್ ಇದೆ" ಎಂದರು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅದಕ್ಕೇ ತಾನೇ ಆ ಇಂಜೆಕ್ಷನ್ ಕೊಟ್ಟಿದ್ದು? ಬೇರೆ ಕಡೆ ಸ್ಕ್ಯಾನ್ ಮಾಡಿಸಿದೆವು. ಪುಣ್ಯಕ್ಕೆ ಹೆಪ್ಪು ಇರಲಿಲ್ಲ.

ಔಷಧಿ ಪಟ್ಟಿಯನ್ನು ಡಾಕ್ಟರು ಮತ್ತೊಮ್ಮೆ ನೋಡಿ, ಯಾವುದು ಮುಂದುವರಿಯಬೇಕು, ಯಾವುದು ನಿಲ್ಲಬೇಕು ಎಂದು ಕನ್ನಡದಲ್ಲಿ ಬರೆದು ಸಹಿ ಹಾಕಿ ಕಳಿಸಬೇಕು. ಹೊಲಿಗೆ ಬಿಚ್ಚಿಸಲು ಬರುವ ದಿನ ಮೆಟ್ಟಿಲ ಅಭ್ಯಾಸ ಮಾಡಿಸಬೇಕು. ಗಾಯ ಕೆಂಪಾಗಿ ಕೀವು ಬಂದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ರಾತ್ರಿ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು ಎಂದು ನಂಬರ್ ಸಮೇತ ತಿಳಿಸಿ. ಇನ್ನು ಮುಂದೆ ಯಾರನ್ನೇ ಮನೆಗೆ ಕಳಿಸುವಾಗಲೂ, ಹೇಳಿಕೊಟ್ಟಿದ್ದನ್ನು ಮನೆಯವರ ಬಾಯಲ್ಲೇ ತಿರುಗಿ ಹೇಳಿಸಿ. "ಅರ್ಥ ಆಯ್ತಾ?" ಎಂದು ಕೇಳಿದರೆ ಆ ಗಡಿಬಿಡಿಯಲ್ಲಿ ಎಲ್ಲರೂ "ಹ್ಞೂಂ" ಎನ್ನುತ್ತಾರೆ.

ಡಿಸ್ಚಾರ್ಜ್ ಚೀಟಿ, ಎರಡೂ ಸ್ಟ್ರಿಪ್‌ಗಳ ಫೋಟೋ, ಸ್ಕ್ಯಾನ್ ವರದಿಯ ಪ್ರತಿ ಲಗತ್ತಿಸಿದ್ದೇನೆ. ಹೊಲಿಗೆ ಬಿಚ್ಚುವ ದಿನದೊಳಗೆ ಲಿಖಿತ ಉತ್ತರ ಕೊಡಿ.

ಇಂತಿ,
ರೋಗಿಯ ಮಗಳು