‘ಮಿಕ್ಸಿಂಗಲ್ಲಿ ನೋಡುವ’ ಅನ್ನುವ ಪ್ರಮೇಯ ತಪ್ಪಿಸಿದವರಿಗೆ

ಎಂಟು ಹಾಡುಗಳ ತುಳು-ಕನ್ನಡ ಹಿಪ್‌ಹಾಪ್ ಆಲ್ಬಂನ ಮಾಸ್ಟರಿಂಗ್ (ಬಿಡುಗಡೆಗೆ ಮೊದಲಿನ ಕೊನೆಯ ಹದ) ಮುಗಿದು ಫೈಲುಗಳು ಹೊರಗೆ ಹೋದವು. ಹಾಡಿನ ಕೆಳಗೆ ಪ್ರೊಡ್ಯೂಸರ್, ಸೌಂಡ್ ಎಂಜಿನಿಯರ್ ಎಂದು ನಮ್ಮಿಬ್ಬರ ಹೆಸರು ಬರುತ್ತದೆ. ಅಲ್ಲಿ ಜಾಗ ಇರುವುದೇ ಅಷ್ಟು. ಈ ಕಸುಬಿನಲ್ಲಿ ಎಲ್ಲರ ಬಾಯಲ್ಲೂ ಬರುವ ಒಂದು ಮಾತುಂಟು: ರೆಕಾರ್ಡಿಂಗಿನಲ್ಲಿ ಏನಾದರೂ ಕೆಟ್ಟರೆ ‘ಮಿಕ್ಸಿಂಗಲ್ಲಿ ನೋಡುವ’, ಅಂದರೆ ಎಲ್ಲ ಸದ್ದುಗಳನ್ನು ಸೇರಿಸಿ ಹದ ಮಾಡುವಾಗ ಸರಿಪಡಿಸುವ ಎಂದು. ಆದರೆ ಮಿಕ್ಸಿಂಗಿನಲ್ಲಿ ನೋಡಿ ಪ್ರಯೋಜನವಿಲ್ಲದ ಸಂಗತಿಗಳೇ ಜಾಸ್ತಿ. ಗೋಡೆ ತಿರುಗಿಸಿ ಕೊಡುವ ಸದ್ದು, ಅರ್ತಿಂಗ್ ಸರಿಯಿಲ್ಲದ ವಯರಿನ ಗುಂಯ್, ಮಳೆಗಾಲದ ತೇವಕ್ಕೆ ಚಟಪಟ ಅನ್ನುವ ಮೈಕು, ರೆಕಾರ್ಡಿಂಗಿನಲ್ಲಿ ಒಡೆದುಹೋದ ತಾಸೆ ವಾದ್ಯದ ಪೆಟ್ಟು. ಇವು ಕಂಪ್ಯೂಟರಿನವರೆಗೆ ಬಾರದ ಹಾಗೆ ನೋಡಿಕೊಂಡವರಿಗೆ ಈ ಬರಹ. ಬರಿಯ ಥ್ಯಾಂಕ್ಸ್ ಹೇಳಿದರೆ ನೀವು ಮಾಡಿದ್ದು ಏನೆಂದು ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಅಳತೆ ಸಮೇತ ಬರೆಯುತ್ತೇವೆ. ಮಂಗಳೂರು, ಉಡುಪಿ ಕಡೆ ಮನೆಯ ಒಂದು ಕೋಣೆಯಲ್ಲಿ ಸ್ಟುಡಿಯೋ ಮಾಡಲು ಹೊರಟವರಿಗೂ ಇದು ಬೇಕಾದೀತು.

ಮೊದಲು ಇಲೆಕ್ಟ್ರಿಷಿಯನ್ ಅಣ್ಣನಿಗೆ. ಸ್ಪೀಕರಿನಲ್ಲಿ 50 ಹರ್ಟ್ಸ್‌ನ ಗುಂಯ್ ಕೇಳಿದರೆ ಹೆಚ್ಚಿನವರು ಕೇಬಲ್ ಬದಲಿಸುತ್ತಾರೆ, ಆಮೇಲೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸನ್ನೇ ಬದಲಿಸುತ್ತಾರೆ. ನೀವು ಮೊದಲು ಮಲ್ಟಿಮೀಟರ್ ತೆಗೆದು ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಎಷ್ಟು ವೋಲ್ಟ್ ಉಂಟೆಂದು ನೋಡಿದಿರಿ. ಎರಡು ಮೂರರ ಒಳಗೆ ಇರಬೇಕಾದದ್ದು 11 ಇತ್ತು. ನಮ್ಮ ಕಡೆಯ ಕೆಂಪುಕಲ್ಲಿನ ನೆಲ ಮಳೆಗಾಲದಲ್ಲಿ ನೀರು ಕುಡಿದು ಸರಿಯಾಗಿರುತ್ತದೆ. ಫೆಬ್ರವರಿ ದಾಟಿದ ಮೇಲೆ ನೀರು ಇಳಿದುಹೋಗಿ, ಅರ್ತ್ ಪೈಪಿನ ಸುತ್ತ ಒಣ ಮಣ್ಣು ಮಾತ್ರ ಉಳಿಯುತ್ತದೆ. ನೀವು ಹೊಸ ಗುಂಡಿ ತೆಗೆಸಿ, ಜಿಐ ಪೈಪಿನ ಸುತ್ತ ಇದ್ದಿಲು ಒಂದು ಪದರ ಉಪ್ಪು ಒಂದು ಪದರ ತುಂಬಿಸಿ, ಬಾಯಿಗೆ ಆಲಿಕೆ ಇಟ್ಟು, ಬೇಸಗೆಯಲ್ಲಿ ವಾರಕ್ಕೆರಡು ಕೊಡಪಾನ ನೀರು ಹೊಯ್ಯಲು ಹೇಳಿ ಹೋದಿರಿ. ಆಮೇಲೆ ಅರ್ತ್ ಟೆಸ್ಟರಿನಲ್ಲಿ 4 ಓಮ್ ಬಂತು. ಲ್ಯಾಪ್‌ಟಾಪು, ಇಂಟರ್‌ಫೇಸು, ಎರಡೂ ಸ್ಪೀಕರು ಒಂದೇ ಬೋರ್ಡಿನಿಂದ ಕರೆಂಟು ತೆಗೆದುಕೊಳ್ಳುವ ಹಾಗೆ ಮಾಡಿದ್ದರಿಂದ ಗ್ರೌಂಡ್ ಲೂಪೂ (ಬೇರೆ ಬೇರೆ ಅರ್ತ್ ದಾರಿಗಳು ಸುತ್ತಾಗಿ ಬರುವ ಗುಂಯ್) ಹೋಯಿತು. ಪ್ಲಗ್ಗಿನ ಅರ್ತ್ ಪಿನ್ ಮುರಿದು ಗುಂಯ್ ನಿಲ್ಲಿಸುವ ಉಪಾಯ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಅದು ಬೆವರಿದ ಕೈಯಲ್ಲಿ ಮೈಕ್ ಹಿಡಿದವರ ಜೀವ ತೆಗೆಯುವ ಉಪಾಯ. ನೀವು ಅದನ್ನು ಒಪ್ಪಲಿಲ್ಲ, ಅದಕ್ಕೆ ವಿಶೇಷ ಕೃತಜ್ಞತೆ.

ಭಾಗವತರಿಗೆ ನಮಸ್ಕಾರ. ಹಳೆಯ ದಾಖಲೆಯಿಂದ ಒಂದು ತುಣುಕು ಕತ್ತರಿಸಿ ಲೂಪ್ ಮಾಡುವುದು ಹಿಪ್‌ಹಾಪ್‌ನ ಹುಟ್ಟುಗುಣ. ಯಕ್ಷಗಾನದ ಕ್ಯಾಸೆಟ್ಟು ಕೈಯಲ್ಲಿದ್ದರೆ ಯಾರಿಗಾದರೂ ಆಸೆ ಆಗುತ್ತದೆ. ಆದರೆ ಅದರಲ್ಲಿ ಧ್ವನಿಮುದ್ರಣದ ಹಕ್ಕು ಒಬ್ಬರದ್ದು, ಪದ್ಯದ ಹಕ್ಕು ಇನ್ನೊಬ್ಬರದ್ದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣಕ್ಕೆ ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ರಕ್ಷಣೆ ಉಂಟು. ‘ನಾಲ್ಕು ಸೆಕೆಂಡಾದರೆ ಅನುಮತಿ ಕೇಳಬೇಕಾಗಿಲ್ಲ’ ಎಂಬ ಮಾತು ಹುಡುಗರ ನಡುವೆ ಓಡಾಡುತ್ತಿದೆ. ಕಾಯ್ದೆಯಲ್ಲಿ ಸೆಕೆಂಡಿನ ಲೆಕ್ಕದ ಅಂಥ ವಿನಾಯಿತಿ ಇಲ್ಲ. ಹೊಸದಾಗಿ ಬರೆದ ನಾಲ್ಕು ಸಾಲಿನ ಪದ್ಯವನ್ನು ತಾವು ಮದ್ದಳೆಯವರ ಜತೆ ಬಂದು ಹೊಸದಾಗಿಯೇ ಹಾಡಿಕೊಟ್ಟಿರಿ, ಸಹಿಯನ್ನೂ ಅದೇ ದಿನ ಹಾಕಿದಿರಿ. ಆ ಹಾಡಿಗೆ ಇನ್ನು ಯಾರ ನೋಟಿಸಿನ ಭಯವೂ ಇಲ್ಲ.

ತಮ್ಮ ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಮೂರು. ನಮ್ಮ ಕೋಣೆಗೆ ಅದು ದೊಡ್ಡ ಪರೀಕ್ಷೆ. ಹಿಪ್‌ಹಾಪ್‌ನಲ್ಲಿ ಬಳಸುವ 808 ಬೇಸ್ ಅಂದರೆ ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಡ್ರಮ್ ಮೆಷಿನ್ನಿನ ಕಿಕ್. ಅದರ ಬಾಲವನ್ನು ಉದ್ದ ಮಾಡಿ ಸ್ವರಕ್ಕೆ ಕೂರಿಸಿದರೆ ಬೇಸ್ ಆಗುತ್ತದೆ. ಭಾಗವತರ ಷಡ್ಜಕ್ಕೆ ಕೂರಿಸಬೇಕಾದರೆ ಕೆಳಗಿನ ಸ್ಥಾಯಿಯಲ್ಲಿ 46 ಹರ್ಟ್ಸ್. ಕೋಣೆಯ ಉದ್ದ 12 ಅಡಿ. ಅಷ್ಟು ದೂರದ ಎರಡು ಗೋಡೆಗಳ ನಡುವೆ ನಿಂತುಬಿಡುವ ಅಲೆ 47 ಹರ್ಟ್ಸ್. ಅಂದರೆ ಹಾಡಿನ ಮೂಲ ಸ್ವರವೂ ಕೋಣೆಯ ಗುಂಗೂ ಹೆಚ್ಚುಕಡಿಮೆ ಒಂದೇ. ಗೋಡೆಯ ಹತ್ತಿರ ಕೂತರೆ ಬೇಸ್ ಎದೆಗೆ ಗುದ್ದುತ್ತದೆ. ಕೋಣೆಯ ನಟ್ಟನಡುವೆ, ಆರಡಿಗೆ ಸರಿಯಾಗಿ ಕೂತರೆ ಅದೇ ಬೇಸ್ ಮಾಯ. ಗೋಡೆಯ ಹತ್ತಿರ ಕೂತು ಮಿಕ್ಸ್ ಮಾಡಿದವರು ಬೇಸ್ ಇಳಿಸುತ್ತಾರೆ, ನಡುವೆ ಕೂತವರು ಏರಿಸುತ್ತಾರೆ. ಕಾರಿನಲ್ಲಿ ಕೇಳಿದಾಗ ಇಬ್ಬರದ್ದೂ ತಪ್ಪು.

ಇಲ್ಲಿ ಕೆಲಸಕ್ಕೆ ಬಂದದ್ದು ಮರಗೆಲಸದ ಆಚಾರ್ರ ಕೈ. ಮೊಟ್ಟೆಯ ಟ್ರೇ, ಥರ್ಮಾಕೋಲು ಎರಡೂ ಬೇಡವೆಂದ ಮೇಲೆ, ರೀಪಿನಲ್ಲಿ 4 ಅಡಿಗೆ 2 ಅಡಿಯ ಚೌಕಟ್ಟು ಮಾಡಿ, ಘನ ಮೀಟರಿಗೆ 48 ಕಿಲೋ ಸಾಂದ್ರತೆಯ ರಾಕ್‌ವೂಲ್ 2 ಇಂಚಿನದ್ದು ಎರಡೆರಡು ಇಟ್ಟು ಬಟ್ಟೆ ಹೊಡೆದಿರಿ. ಬಟ್ಟೆಯ ಪರೀಕ್ಷೆ ಸುಲಭ. ಬಾಯಿಗೆ ಒತ್ತಿ ಹಿಡಿದು ಊದಿದರೆ ಉಸಿರು ಆಚೆ ಹೋಗಬೇಕು. ಹೋಗದಿದ್ದರೆ ಸದ್ದೂ ಒಳಗೆ ಹೋಗುವುದಿಲ್ಲ. ಗೋಡೆಗೂ ಪ್ಯಾನೆಲ್ಲಿಗೂ ನಡುವೆ 2 ಇಂಚು ಖಾಲಿ ಬಿಡಬೇಕೆಂದು ನಾವು ಕೇಳಿದ್ದು ಸದ್ದಿಗಾಗಿ. ತಾವು ಅದಕ್ಕೆ ಅಡ್ಡಪಟ್ಟಿ ಕೊಟ್ಟು ಕೆಳಗೂ ಮೇಲೂ ತೆರೆದೇ ಇಟ್ಟದ್ದು ಗಾಳಿಗಾಗಿ. ಜೂನ್ ಜುಲೈಯಲ್ಲಿ ಗೋಡೆ ಬೆವರುವ ಊರಿದು. ಗೋಡೆಗೆ ಅಂಟಿಸಿ ಹೊಡೆದ ಪ್ಯಾನೆಲ್ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿದು ಕೋಣೆಯೆಲ್ಲ ವಾಸನೆ ಬರುತ್ತದೆ. 47 ಹರ್ಟ್ಸ್‌ಗೆ 4 ಇಂಚು ಏನೂ ಸಾಲದು ಎಂದು ಎರಡು ಮೂಲೆಗಳಲ್ಲಿ ನೆಲದಿಂದ ಮಾಡಿನವರೆಗೆ ತ್ರಿಕೋನ ಕಟ್ಟಿ ತುಂಬಿಸಿದಿರಿ. ಅದರಿಂದಲೂ ಗುಂಗು ಪೂರ್ತಿ ಹೋಗುವುದಿಲ್ಲ, ಬಾಲ ಗಿಡ್ಡವಾಗುತ್ತದೆ. ಉಳಿದದ್ದಕ್ಕೆ ಕುರ್ಚಿಯನ್ನು ಮುಂದಿನ ಗೋಡೆಯಿಂದ ನಾಲ್ಕೂವರೆ ಅಡಿಗೆ ತಂದು, ಬೇಸನ್ನು ಹೆಡ್‌ಫೋನಿನಲ್ಲೂ ತಾಳೆ ನೋಡಬೇಕು. ತಾವು ನೆಲದ ಮೇಲೆ ಕುರ್ಚಿ ಕಾಲಿಗೆ ಬರೆದಿಟ್ಟ ಪೆನ್ಸಿಲ್ ಗುರುತು ಇನ್ನೂ ಇದೆ.

ಮೈಕುಗಳನ್ನು ಉಳಿಸಿದವರು ಕ್ಯಾಮೆರಾ ರಿಪೇರಿಯವರು. ಕಂಡೆನ್ಸರ್ ಮೈಕಿನೊಳಗಿನ ತೆಳುಪೊರೆಯ ಮೇಲೆ ತೇವ ಕೂತರೆ ವಿದ್ಯುತ್ತು ಸೋರಿ, ಸಾಸಿವೆ ಸಿಡಿದ ಹಾಗೆ ಸದ್ದು ಬರುತ್ತದೆ. ಮೈಕು ಹಾಳಾಯಿತೆಂದು ಮಾರಿಬಿಟ್ಟವರೂ ಇದ್ದಾರೆ. ಲೆನ್ಸ್ ಇಡುವ ಕ್ರಮವನ್ನೇ ನೀವು ಮೈಕಿಗೂ ಹೇಳಿಕೊಟ್ಟಿರಿ: ಗಾಳಿಯಾಡದ ಡಬ್ಬ, 250 ಗ್ರಾಂ ಸಿಲಿಕಾ ಜೆಲ್, ಒಳಗೆ ಸಣ್ಣ ತೇವಮಾಪಕ, ಮುಳ್ಳು ಶೇಕಡ 40ರಿಂದ 50ರ ನಡುವೆ. ಕಿತ್ತಳೆ ಬಣ್ಣದ ಹರಳು ಹಸಿರಾದರೆ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಮೊದಲಿನಂತೆ. ಎಸಿ ಕೋಣೆಯಿಂದ ಹೊರಗೆ ತಂದ ಮೈಕನ್ನು ಅರ್ಧ ಗಂಟೆ ಸುಮ್ಮನೆ ಬಿಡಬೇಕು ಎಂಬುದನ್ನೂ ಸೇರಿಸಿಕೊಳ್ಳಿ. ಆಟಿ ತಿಂಗಳ ಮಳೆಯಲ್ಲಿ ಹಾಡಿಸಲೇಬೇಕಾದರೆ ಡೈನಾಮಿಕ್ ಮೈಕೇ ಒಳ್ಳೆಯದು. ಶೂರ್ ಎಸ್‌ಎಂ7ಬಿ ಥರದ್ದು ತೇವಕ್ಕೆ ಅಷ್ಟು ಜಗ್ಗುವುದಿಲ್ಲ, ಸದ್ದನ್ನು 60 ಡೆಸಿಬೆಲ್‌ನಷ್ಟು ಏರಿಸಿಕೊಡುವ (ಗೇನ್) ಪ್ರೀ-ಆಂಪ್ ಮಾತ್ರ ಬೇಕು.

ಪಕ್ಕದ ಮನೆಯ ಅಕ್ಕ, ‘ಈಗ ಪಂಪು ಹಾಕ್ಬಹುದಾ?’ ಎಂದು ಪ್ರತಿ ಸಲ ಕಿಟಕಿಯಿಂದ ಕೇಳಿದಿರಲ್ಲ, ಆ ಒಂದು ಮಾತಿನಿಂದ ಎಷ್ಟೋ ಟೇಕು ಉಳಿದಿವೆ.

ಈಗ ತಾಸೆ, ಡೋಲಿನವರ ವಿಷಯ. ಈ ಆಲ್ಬಂನ ಎದೆಬಡಿತ ನಿಮ್ಮದು. ಮಾರ್ನೆಮಿಯ (ನವರಾತ್ರಿಯ) ಹುಲಿವೇಷದಲ್ಲಿ ತಾಸೆಯ ಪೆಟ್ಟಿಗೆ ಕಾಲು ತಾನಾಗಿ ಏಳುವುದು ಈ ಊರಿನ ಎಲ್ಲರಿಗೂ ಗೊತ್ತು. ಅದನ್ನು ಮೈಕಿನೊಳಗೆ ತರುವುದು ಮಾತ್ರ ಬಹಳ ಕಷ್ಟ. ಎರಡು ಸಪೂರ ಕೋಲು ಬಿಗಿ ಚರ್ಮಕ್ಕೆ ತಾಗಿದ ಆ ಕ್ಷಣ ಎಷ್ಟು ಚೂಪೆಂದರೆ, ಮೀಟರಿನ ಕಡ್ಡಿ ಏಳುವ ಮೊದಲೇ ಪ್ರೀ-ಆಂಪಿನಲ್ಲಿ ಸದ್ದು ಒಡೆದಿರುತ್ತದೆ. ತಲೆ ಕತ್ತರಿಸಿಹೋದ ಪೆಟ್ಟನ್ನು ಯಾವ ಸಾಫ್ಟ್‌ವೇರೂ ಮೊದಲಿನಂತೆ ಮಾಡಿಕೊಡುವುದಿಲ್ಲ. ಅದಕ್ಕಾಗಿ ಅಂಗಳದಲ್ಲೇ ರೆಕಾರ್ಡಿಂಗ್. ಎಸ್‌ಎಂ57 ಮೈಕು ತಾಸೆಯಿಂದ ಎರಡಡಿ ಮೇಲೆ ಓರೆಯಾಗಿ, ಡೋಲಿಗೆ ಒಂದಡಿ ದೂರದಲ್ಲಿ ಇನ್ನೊಂದು. ಪರೀಕ್ಷೆಗೆ ಬಾರಿಸುವಾಗ ಮೀಟರ್ ಮೈನಸ್ 18 ಡೆಸಿಬೆಲ್ ದಾಟದಂತೆ ಇಡಬೇಕು, ಹುರುಪು ಏರಿದ ಮೇಲೆ ಆರೆಂಟು ಡೆಸಿಬೆಲ್ ತಾನಾಗಿಯೇ ಏರುತ್ತದೆ. ಡೋಲಿನ ಸದ್ದು ತಾಸೆಯ ಮೈಕಿಗೂ ಹೋಗುವುದರಿಂದ ಟೇಪು ಹಿಡಿದು ಅಳೆಯುವುದು ಮುಖ್ಯ. ದೂರದಲ್ಲಿ 34 ಸೆಂಟಿಮೀಟರ್ ವ್ಯತ್ಯಾಸವಾದರೆ ಒಂದು ಮಿಲಿಸೆಕೆಂಡ್ ತಡ. ಎರಡನ್ನೂ ಸೇರಿಸಿದಾಗ 500 ಹರ್ಟ್ಸ್ ಸುತ್ತಮುತ್ತ ಒಂದನ್ನೊಂದು ತಿಂದು ಡೋಲಿನ ಮೈ ಸೊರಗುತ್ತದೆ.

ಮಡಲಿನ ಬೆಂಕಿಗೆ ತಾಸೆ ಕಾಯಿಸಿ, ಏರಿದ ಶ್ರುತಿ ಇಳಿಯುವ ಮೊದಲು ಬಾರಿಸಿ, ಮತ್ತೆ ಕಾಯಿಸಿ. ‘ಚರ್ಮ ತಂಪಾಂಡ್, ಉಂದು ಬೊಡ್ಚಿ’ (ಚರ್ಮ ತಂಪಾಯಿತು, ಇದು ಬೇಡ) ಎಂದು ಹಿರಿಯರು ತಾವೇ ಕೈ ಎತ್ತಿ ನಿಲ್ಲಿಸಿದ ಟೇಕು ಹೆಡ್‌ಫೋನಿನಲ್ಲಿ ಚೆನ್ನಾಗಿಯೇ ಕೇಳುತ್ತಿತ್ತು. ಹಿಂದಿನ ಟೇಕಿನ ಪಕ್ಕ ಇಟ್ಟು ನೋಡಿದರೆ ಶ್ರುತಿ ಇಳಿದದ್ದು ಸ್ಪಷ್ಟ. ಆ ಕಿವಿಗೆ ಶರಣು.

ಕಿವಿಯಲ್ಲಿ ಯಂತ್ರದ ಟಿಕ್ ಟಿಕ್ ಕ್ಲಿಕ್ ಕೇಳಿಸಿ ಬಾರಿಸಲು ಹೇಳುವುದೆಂದರೆ ಕೈ ಕಟ್ಟಿಹಾಕಿದಂತೆ. ಹಾಗಾಗಿ ನಿಮ್ಮದನ್ನು ನೀವು ಬಾರಿಸಿದಂತೆಯೇ ಇಟ್ಟು, ಪ್ರತಿ ಸುತ್ತಿನ ಮೊದಲ ಪೆಟ್ಟಿಗೆ ಗುರುತು ಹಾಕಿ, ಕಂಪ್ಯೂಟರಿನ ತಾಳವನ್ನೇ ನಿಮ್ಮ ಹಿಂದೆ ನಡೆಸಿದ್ದಾಯಿತು. ಹಿಪ್‌ಹಾಪ್‌ಗೆ ಈ ಓಲಾಟ ಹೊಸದಲ್ಲ. ರೋಜರ್ ಲಿನ್ ರೂಪಿಸಿ ಅಕಾಯಿ ಕಂಪನಿ 1988ರಲ್ಲಿ ತಂದ ಎಂಪಿಸಿ60 ಯಂತ್ರದಲ್ಲಿ ಸ್ವಿಂಗ್ ಎಂಬ ಸೆಟ್ಟಿಂಗ್ ಉಂಟು. ನಿಮಿಷಕ್ಕೆ 90 ಬೀಟಿನ ಹಾಡಿನಲ್ಲಿ ಸ್ವಿಂಗನ್ನು 50ರಿಂದ 54ಕ್ಕೆ ಏರಿಸಿದರೆ ಬೀಟನ್ನು ನಾಲ್ಕು ಮಾಡಿದ ಸಣ್ಣ ಪೆಟ್ಟುಗಳ ಪ್ರತಿ ಜೋಡಿಯಲ್ಲಿ ಎರಡನೆಯದು 13 ಮಿಲಿಸೆಕೆಂಡ್ ತಡವಾಗಿ ಬೀಳುತ್ತದೆ, ತಲೆ ಅಲ್ಲಾಡಿಸಲು ಅಷ್ಟು ಸಾಕು. ಯಂತ್ರದಲ್ಲಿ ಆ 13 ಎಲ್ಲ ಕಡೆಯೂ 13. ನಿಮ್ಮ ಕೈಯಲ್ಲಿ ಸುತ್ತಿನಿಂದ ಸುತ್ತಿಗೆ ಬೇರೆ. ಅದನ್ನು ಗ್ರಿಡ್ಡಿಗೆ ಎಳೆದು ಸರಿ ಮಾಡುವ ಬಟನ್ ಒತ್ತಿದ್ದರೆ ಹುಲಿ ಸತ್ತೇ ಹೋಗುತ್ತಿತ್ತು.

ನಾಲ್ಕು ಮಂದಿ ರ‍್ಯಾಪರ್‌ಗಳೇ, ನಿಮ್ಮ ತಾಳ್ಮೆಗೂ ಒಂದು ಮಾತು. ತುಳು, ಕನ್ನಡ ಎರಡರಲ್ಲೂ ರ‍್ಯಾಪಿನ ಪೆಟ್ಟು ಕೂರುವುದು ಒತ್ತಕ್ಷರದಲ್ಲಿ. ‘ಕತ್ತಲೆ’ ಅನ್ನುವಾಗ ತ್ತ ಬಿಡುವ ಮೊದಲು ಒಂದು ಸಣ್ಣ ಮೌನ ಉಂಟು. ಜೋರು ಸದ್ದನ್ನು ತಗ್ಗಿಸುವ ಕಂಪ್ರೆಸರಿನ ಅಟ್ಯಾಕ್ (ಅದು ಹಿಡಿಯಲು ತೆಗೆದುಕೊಳ್ಳುವ ಹೊತ್ತು) ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಇಟ್ಟರೆ ಆ ಬಿಡುಗಡೆಯ ಪೆಟ್ಟು ಮೊಂಡಾಗುತ್ತದೆ. ಗೇನ್ ಜಾಸ್ತಿ ಏರಿಸಿದರೆ ಮೌನದೊಳಗೆ ಕೋಣೆಯ ಸದ್ದು ತುಂಬುತ್ತದೆ. 4ಕ್ಕೆ 1ರ ಅನುಪಾತ, 10 ಮಿಲಿಸೆಕೆಂಡ್ ಅಟ್ಯಾಕ್, 70ರ ಸುಮಾರು ರಿಲೀಸ್ (ಬಿಡುವ ಹೊತ್ತು) ಇಟ್ಟಾಗ ಒತ್ತು ಒತ್ತಾಗಿಯೇ ಉಳಿಯಿತು. ತುಳುವಿನಲ್ಲಿ ಇನ್ನೂ ಒಂದು ಸೂಕ್ಷ್ಮ. ‘ಪೆಟ್ಟ್’ ಎಂದು ಬರೆದರೂ ಕೊನೆಗೊಂದು ಅರೆಸ್ವರ ಉಸುರುತ್ತದೆ. ಬೀಟ್ ಜೋರಾದಲ್ಲಿ ಅದು ಮುಳುಗಿ, ಮಾತು ತುಳುವೇ ಅಲ್ಲವೆಂಬಂತೆ ಕೇಳುತ್ತದೆ. ಆ ಅರೆಸ್ವರಗಳನ್ನು ಒಂದೊಂದಾಗಿ ಹುಡುಕಿ ಎರಡು ಡೆಸಿಬೆಲ್ ಎತ್ತಿದ್ದೇವೆ. ಎತ್ತಲು ಏನಾದರೂ ಇದ್ದದ್ದು ನೀವು ಅದನ್ನು ನುಂಗದೆ ಹೇಳಿದ್ದರಿಂದ. ಮೈಕಿನಿಂದ ಒಂದು ಗೇಣು ದೂರ, ಬಾಯಿ ಸ್ವಲ್ಪ ಓರೆ, ಪ ಭ ಬಂದಲ್ಲಿ ಗಾಳಿ ನೇರ ಹೊಡೆಯದಂತೆ. ಪಲ್ಲವಿಗೆ ಎರಡನೆಯ ದನಿ ಸೇರಿಸುವಾಗ ಸಾಲಿನ ಕೊನೆಯ ಸ, ತಗಳನ್ನು ಮೆಲ್ಲಗೆ ಬಿಟ್ಟದ್ದೂ ದೊಡ್ಡ ಉಪಕಾರ. ಇಲ್ಲದಿದ್ದರೆ ಎರಡು ‘ಸ’ ಬೇರೆ ಬೇರೆ ಹೊತ್ತಿಗೆ ಬಿದ್ದು ಚಪ್ಪಲಿ ಎಳೆದಂತೆ ಕೇಳುತ್ತದೆ.

ಮಂಗಳೂರಿನ ಸ್ಟೇಟ್‌ಬ್ಯಾಂಕ್–ಸುರತ್ಕಲ್ ಸಿಟಿ ಬಸ್ಸಿನ ಡ್ರೈವರ್ ಮತ್ತು ಕಂಡಕ್ಟರ್ ಅಣ್ಣಂದಿರೇ, ಕೊನೆಯ ಟ್ರಿಪ್ಪಿನಲ್ಲಿ ನಮ್ಮ ಪೆನ್‌ಡ್ರೈವ್ ಹಾಕಿದ್ದಕ್ಕೆ ಎಷ್ಟು ಹೇಳಿದರೂ ಕಡಿಮೆ. ಓಡುವ ಬಸ್ಸಿನಲ್ಲಿ ಎಂಜಿನ್ನಿನ ಗುಡುಗು 46 ಹರ್ಟ್ಸ್ ಬೇಸನ್ನು ಪೂರ್ತಿ ನುಂಗುತ್ತದೆ. ಸಣ್ಣ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ಬರುವುದೂ ಇಲ್ಲ. ಬೇಸಿಗೆ ಸ್ವಲ್ಪ ಸ್ಯಾಚುರೇಷನ್ (ಹದವಾದ ಒಡಕು) ಕೊಟ್ಟು 92, 139 ಹರ್ಟ್ಸ್‌ನ ಅನುಸ್ವರಗಳನ್ನು ಎಬ್ಬಿಸಿದ ಮೇಲೆ ಕಿವಿ ಕೆಳಗಿನ ಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಎಡಬಲಕ್ಕೆ ಹಂಚಿದ್ದ ಪಲ್ಲವಿಯ ದನಿ ಹಿಂದಿನ ಸೀಟಿನಲ್ಲಿ ಅರ್ಧ ಮಾತ್ರ ಕೇಳಿದ್ದೂ ಅಲ್ಲೇ ಗೊತ್ತಾಯಿತು. ಅದರ ನಂತರ ಎಂಟೂ ಹಾಡುಗಳನ್ನು ಮೊನೋದಲ್ಲಿ (ಎಡಬಲ ಒಂದಾಗಿ ಸೇರಿಸಿ) ಕೇಳಿ ತಿದ್ದಿದ್ದೇವೆ.

ಮಾಸ್ಟರಿಂಗ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14 ಲಫ್ಸ್‌ಗೆ (ಹಾಡಿನ ಒಟ್ಟಾರೆ ಜೋರಿನ ಅಳತೆ) ಸಮ ಮಾಡಿಯೇ ಕೇಳಿಸುವುದರಿಂದ, ಮೈನಸ್ 9ಕ್ಕೆ ಒತ್ತಿ ಕಳಿಸಿದರೂ ಅಲ್ಲಿ 5 ಡೆಸಿಬೆಲ್ ಇಳಿಯುತ್ತದೆ. ತಾಸೆಯ ಮೊನೆ ಉಳಿಯುವಷ್ಟಕ್ಕೆ ನಿಲ್ಲಿಸಿ, ಟ್ರೂ ಪೀಕ್ (ಸದ್ದಿನ ಅತಿ ಎತ್ತರದ ತುದಿ) ಮೈನಸ್ 1ಕ್ಕೆ ಇಟ್ಟಿದ್ದೇವೆ.

ಹಾಡಿನ ಗಳಿಕೆಯಲ್ಲಿ ಯಾರಿಗೆಷ್ಟು ಎಂಬ ಪಾಲಿನ ಕಾಗದ ಎಲ್ಲರ ಕೈಯಲ್ಲಿ ಒಂದೊಂದು ಪ್ರತಿ ಇದೆ. ಎರಡು ಹಾಡುಗಳು ತಾಸೆಯ ನಡೆಯ ಮೇಲೆಯೇ ನಿಂತಿರುವುದರಿಂದ ಅವುಗಳಲ್ಲಿ ತಾಸೆಯ ಹಿರಿಯರ ಹೆಸರನ್ನು ವಾದಕರೆಂದಷ್ಟೇ ಅಲ್ಲ, ಸಂಗೀತ ಕಟ್ಟಿದವರಲ್ಲಿ ಒಬ್ಬರೆಂದೂ ಬರೆದಿದ್ದೇವೆ. ಹಾಡು ಬರೆದವರ, ಸಂಗೀತ ಕಟ್ಟಿದವರ ರಾಯಲ್ಟಿ ವಸೂಲು ಮಾಡುವ ಸಂಸ್ಥೆ ಐಪಿಆರ್‌ಎಸ್‌ನ ನೋಂದಣಿಗೆ ಪ್ಯಾನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ತಂದರೆ ಅರ್ಜಿ ನಾವೇ ತುಂಬಿಕೊಡುತ್ತೇವೆ.

ತಾಸೆ, ಡೋಲಿನವರೇ, ಅಂಗಳದಲ್ಲಿ ಬಾರಿಸಿದ ಅಷ್ಟೂ ರೆಕಾರ್ಡಿಂಗು, ಹಾಡಿಗೆ ಬಳಸದೆ ಉಳಿದದ್ದೂ ಸೇರಿ, ಬೇರೆ ಬೇರೆ ಎರಡು ಹಾರ್ಡ್‌ಡಿಸ್ಕಿನಲ್ಲಿ ಉಂಟು. ಆರು ಟ್ರ್ಯಾಕು, ಮುಕ್ಕಾಲು ಗಂಟೆ, ಒಟ್ಟು ಎರಡೂವರೆ ಜಿಬಿಯೊಳಗೆ. ಅದು ನಿಮ್ಮದೇ. 8 ಜಿಬಿಯ ಒಂದು ಪೆನ್‌ಡ್ರೈವ್ ತನ್ನಿ, ಸಂಜೆ ಐದರ ಮೇಲೆ ಯಾವ ದಿನ ಬಂದರೂ ಕಾಪಿ ಮಾಡಿಕೊಡುತ್ತೇವೆ.